ಹೊಳೆವ್ವ ಬರೋಬ್ಬರಿ ಕಟ್ಟೆವ್ವ

ಈಗೀಗ ಕರಿಹಲಗೆಯ ಮೇಲೆ ಸಮ ಚಿಹ್ನೆ ಎಳೆಯುವಾಗ ನನ್ನ ಕೈ ಅರೆಗಳಿಗೆ ನಿಲ್ಲುತ್ತದೆ. ಸಿಂದಗಿಯ ಹೈಸ್ಕೂಲೊಂದರಲ್ಲಿ ಇಪ್ಪತ್ತಾರು ವರ್ಷದಿಂದ ಗಣಿತ ಹೇಳುತ್ತ ಬಂದವನು ನಾನು. ಆ ಎರಡು ಅಡ್ಡಗೆರೆಗಳನ್ನು ನಿದ್ದೆಗಣ್ಣಿನಲ್ಲೂ ಎಳೆಯಬಲ್ಲೆ. ಆದರೂ ಮೊನ್ನೆ ಒಂಬತ್ತನೆಯ ತರಗತಿಯಲ್ಲಿ ಮೇಲಿನ ಗೆರೆ ಎಳೆದು, ಕೆಳಗಿನದನ್ನು ಎಳೆಯದೆ ಸುಮ್ಮನೆ ನಿಂತುಬಿಟ್ಟೆ. ಮುಂದಿನ ಬೆಂಚಿನ ಹುಡುಗಿ, "ಸರ್, ಆರಾಮ ಇಲ್ಲೇನ್ರಿ?" ಎಂದು ಕೇಳಿದಳು. ಆರಾಮ ಇದ್ದೇನವ್ವ. ಆದರೆ ಹೋದ ವರ್ಷ ಇಂಥವೇ ಎರಡು ಗೆರೆ ಎಳೆದು ನನ್ನ ಅಣ್ಣನ ಮಗಳ ಲಗ್ನವನ್ನು ಮುರಿಯುವ ಮಟ್ಟಕ್ಕೆ ಒಯ್ದವನು ನಾನೇ ಎಂದು ಆ ಕೂಸಿಗೆ ಹೇಗೆ ಹೇಳಲಿ?

ನಮಗೆ ಕಲಿಸಿದ ಮಾಸ್ತರರು 'ಸಮ' ಎನ್ನುತ್ತಿರಲಿಲ್ಲ, 'ಬರೋಬ್ಬರಿ' ಎನ್ನುತ್ತಿದ್ದರು. "ಮೂರು ಮತ್ತ ನಾಕು ಬರೋಬ್ಬರಿ ಏಳು" ಎಂದು ಅವರು ಹಲಗೆಗೆ ಸುಣ್ಣದ ಕಡ್ಡಿ ಒತ್ತಿದರೆ ಅದು ಅಲ್ಲಿಗೆ ಇತ್ಯರ್ಥವಾಯಿತು ಎಂದೇ ಅರ್ಥ. ನಾನು ಆ ಧಾಟಿಯನ್ನೇ ಕಲಿತವನು. ಬರೋಬ್ಬರಿ ಎಂದ ಮೇಲೆ ತಿರುಗಿ ಕೇಳಬಾರದು.

ಹಾಗೆಂದು ದೇವರ ವಿಷಯದಲ್ಲಿ ನಾನು ಮೊದಲಿನಿಂದಲೂ ಬರೋಬ್ಬರಿ ಪಕ್ಷದವನಲ್ಲ. ನಮ್ಮ ಮೂಲ ಅಗರಖೇಡ. ಸಣ್ಣವನಿದ್ದಾಗ ಒಂದೊಂದು ಊರಿಗೆ ಒಂದೊಂದು ಪೊಲೀಸ್ ಠಾಣೆಯ ಸರಹದ್ದು ಇದ್ದ ಹಾಗೆ ಒಂದೊಂದು ಊರಿನ ಹಣಮಪ್ಪನಿಗೂ ಹದ್ದು ಇರುತ್ತದೆ ಎಂದು ನಂಬಿದ್ದೆ. ಅಗರಖೇಡದ ಪೇರಲ ಗಿಡ ಬರಿದು ಮಾಡಿ, ಸಿಕ್ಕಿಬಿದ್ದಾಗ, "ಹೊರ್ತಿ ಹಣಮಪ್ಪನ ಆಣಿ, ನಾ ಹರದಿಲ್ಲ" ಎಂದಿದ್ದೆ. ಹೊರ್ತಿ ಹಣಮಪ್ಪನಿಗೆ ಅಗರಖೇಡದ ಪೇರಲದ ಸುದ್ದಿ ಹೇಗೆ ಗೊತ್ತಾಗಬೇಕು? ನಮ್ಮ ದೊಡ್ಡವ್ವ ಶಿವಗಂಗವ್ವ, ಅಂದರೆ ಅಪ್ಪನ ಅಣ್ಣನ ಹೆಂಡತಿ, ಹೊರ್ತಿಯವಳು. ಅವಳು ನನ್ನ ಕಿವಿ ಹಿಡಿದು, "ನಮ್ಮ ತವರಿನ ಹಣಮಪ್ಪನ್ನ ಇದರಾಗ ಯಾಕ ಎಳೀತಿ ಭಾಡ್ಯಾ? ಈ ಊರ ಹಣಮಪ್ಪನ ಆಣಿ ಹಾಕು ನೋಡೂಣು" ಎಂದಳು. ನಾನು ಹಾಕಲಿಲ್ಲ. ಹೊಟ್ಟೆಯೊಳಗಿನ ಪೇರಲ ಅಲ್ಲಿಯೇ ಕಲ್ಲಾದಂತಾಯಿತು. ಅಂದರೆ ನೋಡಿ, ಆಗ ದೊಡ್ಡವ್ವನೂ ನನ್ನ ಪಕ್ಷದವಳೇ. ಊರೂರಿಗೆ ದೇವರು ಬೇರೆ ಎನ್ನುವವಳು.

ಇರಲಿ, ಅಣ್ಣನ ಮಗಳ ವಿಷಯಕ್ಕೆ ಬರುತ್ತೇನೆ. ಅಣ್ಣ ಇಂಡಿಯಲ್ಲಿದ್ದಾನೆ, ನಿಂಬೆ ತೋಟದವನು. ಅವನಿಗೆ ಒಬ್ಬಳೇ ಮಗಳು, ಪಲ್ಲವಿ. ಇಂಡಿಯಲ್ಲೇ ರಕ್ತ ತಪಾಸಣೆಯ ಲ್ಯಾಬಿನಲ್ಲಿ ಕೆಲಸ. ದಿನವಿಡೀ ಮಂದಿಯ ರಕ್ತ ನೋಡಿ, ಇದು ಡೆಂಗಿ, ಇದು ಡೆಂಗಿಯಂತೆ ಕಂಡರೂ ಡೆಂಗಿ ಅಲ್ಲ ಎಂದು ಬರೆದುಕೊಡುತ್ತಾಳೆ. ಸಂಜೆ ಮನೆಗೆ ಬಂದು ಚಹಾ ಕುಡಿದು ಕಂಪ್ಯೂಟರ್ ಮುಂದೆ ಕೂತು ಒಂದು ಆಟ ಆಡುತ್ತಾಳೆ. ಆಟ ಎಂದರೆ ಚೆಂಡಿನದಲ್ಲ, ಇಸ್ಪೇಟಿನದಲ್ಲ. ಅದೊಂದು ಇಡೀ ಲೋಕ. ಹಿಮದ ಗುಡ್ಡ, ಮರಳುಗಾಡು, ಮಾತಾಡುವ ಮರ, ಹಾಳುಬಿದ್ದ ಗುಡಿಗಳು, ಆ ಗುಡಿಗಳಲ್ಲಿ ನಾವು ಕಂಡು ಕೇಳಿರದ ದೇವರುಗಳು. ಆಟ ಮಾಡಿದವರು ಬಲು ಬೆರಕಿಗಳು, ಯಾವ ದೇವರ ಕತೆಯನ್ನೂ ನೆಟ್ಟಗೆ ಹೇಳಿಲ್ಲ. ಒಡೆದ ಶಾಸನ, ಅರ್ಧ ಹಾಡು, ಮುದಿ ಪೂಜಾರಿಯ ಗೊಣಗಾಟ ಇಂಥವುಗಳಿಂದ ಆಡುವವರೇ ಕತೆ ಹೊಂದಿಸಿಕೊಳ್ಳಬೇಕು. ಜಗತ್ತಿನ ತುಂಬ ಹೀಗೆ ಹೊಂದಿಸಿಕೊಳ್ಳುವವರಿದ್ದಾರೆ, ಅವರಿಗೆಲ್ಲ ಒಂದು ಚರ್ಚೆಯ ಪುಟವಿದೆ, ಅಲ್ಲಿ ನಮ್ಮ ಪಲ್ಲವಿ ದೊಡ್ಡ ಪಂಡಿತೆ.

ಅವಳು ಹೆಸರು ಮಾಡಿದ್ದು ಒಂದೇ ಒಂದು ವಾದದಿಂದ. ಆ ಲೋಕದ ಉತ್ತರಕ್ಕೆ ಇಲ್ವೇರಾ ಎಂಬ ನೀರಿನ ದೇವತೆ ಇದ್ದಾಳೆ. ದಕ್ಷಿಣದ ಮರಳುಗಾಡಿನಲ್ಲಿ ತರ್ಷಾ ಎಂಬ ಬೂದಿಯ ದೇವತೆ, ಮುಖಕ್ಕೆ ಸೆರಗು ಮುಚ್ಚಿ ಕೂತವಳು. ಇಬ್ಬರೂ ಬೇರೆ ಬೇರೆ ಎಂದು ಎಲ್ಲರೂ ತಿಳಿದಿದ್ದರು. ಪಲ್ಲವಿ ಬಂದು, ಅಲ್ಲ, ಒಬ್ಬಳೇ ಎಂದಳು. ಇಬ್ಬರ ಹೆಗಲ ಮೇಲೂ ಒಂದೇ ಬಣ್ಣದ ವಸ್ತ್ರ. ಇಬ್ಬರೂ ಸಮುದ್ರದ ಕಡೆಗೆ ಮುಖ ಮಾಡಿ ಕೂತವರು. ಆಡುವವನು ಇಬ್ಬರ ಮುಂದೆ ಏನಿಟ್ಟರೂ ತಗೊಳ್ಳುತ್ತಾರೆ, ಜೇನು ಇಟ್ಟರೆ ಮಾತ್ರ ಇಬ್ಬರೂ ಒಲ್ಲೆ ಎನ್ನುತ್ತಾರೆ. ಏನು ಉಡುತ್ತಾಳೆ, ಯಾವ ಕಡೆ ನೋಡುತ್ತಾಳೆ, ಏನು ಒಲ್ಲೆ ಅನ್ನುತ್ತಾಳೆ, ಈ ಮೂರೂ ಕೂಡಿದರೆ ದೇವರು ಒಂದೇ ಎಂಬುದು ಅವಳ ಸಿದ್ಧಾಂತ. ಕೇಳಿ ನಾನು ಮರುಳಾದೆ. ಮೂರು ಸಾಕ್ಷಿ, ಒಂದು ನಿರ್ಣಯ, ಪಕ್ಕಾ ರೇಖಾಗಣಿತ! "ಶಭಾಶ್" ಎಂದು ಬೆನ್ನು ತಟ್ಟಿ, ನಾನೂ ಆಡುತ್ತೇನೆ ಎಂದು ಕೂತೆ. ಮೂರು ನಿಮಿಷದೊಳಗೆ ಹೋತಿನಂಥ ಪ್ರಾಣಿಯೊಂದು ಬಂದು ಹಾಯ್ದು ನನ್ನನ್ನು ಕೊಂದುಹಾಕಿತು. "ಆ ಹೋತ ಯಾರಿಗೂ ಏನೂ ಮಾಡಂಗಿಲ್ಲ ಕಾಕಾ, ನೀ ಹೋಗಿ ಅದರ ಬಾಲಾ ತುಳದಿ" ಎಂದಳು ಪಲ್ಲವಿ. ಅಲ್ಲಿಗೆ ನನ್ನ ಆಟ ಮುಗಿಯಿತು, ಸಿದ್ಧಾಂತದ ಹುಚ್ಚು ಮಾತ್ರ ಉಳಿಯಿತು.

ಆ ಚರ್ಚೆಯ ಪುಟದಲ್ಲಿ ಅವಳಿಗೊಬ್ಬ ವೈರಿ ಹುಟ್ಟಿಕೊಂಡ. 'ನೀಲಿ ಗೂಬೆ' ಎಂಬ ಹೆಸರಿಟ್ಟುಕೊಂಡವನು. ಇಲ್ವೇರಾ, ತರ್ಷಾ ಒಬ್ಬಳಲ್ಲ, ಅಕ್ಕತಂಗಿಯರು ಎಂದು ಅವನ ಪಟ್ಟು. ಎಲ್ಲಾ ಇಂಗ್ಲಿಷಿನಲ್ಲೇ ನಡೆಯುತ್ತಿತ್ತು. ಆರು ತಿಂಗಳ ಮೇಲೆ ಒಂದು ದಿನ ವಾದ ತಾರಕಕ್ಕೇರಿ, ಸಿಟ್ಟು ತಡೆಯದೆ ಆ ಗೂಬೆ ಇಂಗ್ಲಿಷ್ ಅಕ್ಷರದಲ್ಲೇ "ಹುಚ್ಚ ಖೋಡಿ" ಎಂದು ಬರೆದುಬಿಟ್ಟಿತು. ಪೋಲಂಡಿನ ಯಾವನೋ ಒಬ್ಬ, "ಹುಚ್ಚಖೋಡಿ ಯಾವ ದೇವರು? ಅವನ ಗುಡಿ ಎಲ್ಲಿದೆ?" ಎಂದು ಕೇಳಿದನಂತೆ. ಪಲ್ಲವಿಗೆ ಮಾತ್ರ ಆ ಬೈಗುಳ ಹಾಲು ಕುಡಿದಷ್ಟು ಸಂತೋಷ ಕೊಟ್ಟಿತು. ಇಷ್ಟು ಅಚ್ಚುಕಟ್ಟಾಗಿ ಬಯ್ಯುವವರು ನಮ್ಮ ಕಡೆ ಬಿಟ್ಟರೆ ಇನ್ನೆಲ್ಲಿದ್ದಾರೆ? "ಯಾವೂರಾಂವಲೇ ನೀ?" ಎಂದು ಬರೆದಳು. ಮುದ್ದೇಬಿಹಾಳ ಎಂದು ಉತ್ತರ ಬಂತು. ಹೆಸರು ಸಂಗಮೇಶ, ದನದ ದವಾಖಾನೆಯಲ್ಲಿ ಕೆಲಸ. ಆಮೇಲೂ ಎರಡು ವರ್ಷ ಜಗಳ ಬಿಡಲಿಲ್ಲ. ಜಗಳ ಬಿಟ್ಟರೆ ಮಾತು ನಿಲ್ಲುತ್ತದಲ್ಲ, ಅದಕ್ಕೆ. ಕೊನೆಗೆ ಇಬ್ಬರೂ ಮನೆಯಲ್ಲಿ ಹೇಳಿದರು.

ಅಣ್ಣ ವಿಚಾರಿಸಿದ. ಗೋತ್ರದ ಹಾಗೆ ನೋಡುವ ಬೆಡಗು ಬೇರೆ, ಒಳ್ಳೆಯ ಮನೆತನ, ಹುಡುಗ ಎಮ್ಮೆಗೂ ಬಹುವಚನ ಹಚ್ಚಿ ಮಾತಾಡುವಂಥ ಸಭ್ಯ. ಎಲ್ಲರೂ ಒಪ್ಪಿದರು. ಉಳಿದದ್ದು ಒಂದೇ 'ಹೂಂ', ದೊಡ್ಡವ್ವನದು. ಅವಳು ಈಗ ಬಸವನ ಬಾಗೇವಾಡಿಯಲ್ಲಿದ್ದಾಳೆ. ದೊಡ್ಡಪ್ಪ ಅಲ್ಲಿ ಅರಿವೆ ಅಂಗಡಿ ಇಟ್ಟಿದ್ದ, ಅವನು ಹೋದ ಮೇಲೂ ಅವಳು ಅಲ್ಲಿಯೇ ಮಗ ಸೊಸೆಯ ಮೇಲೆ ರಾಜ್ಯಭಾರ ಮಾಡಿಕೊಂಡಿದ್ದಾಳೆ. ಎಂಬತ್ತು ದಾಟಿದೆ. ನಮ್ಮ ಮನೆತನದಲ್ಲಿ ಅವಳು ಹೂಂ ಅನ್ನದೆ ಒಂದು ತೊಟ್ಟಿಲೂ ಕಟ್ಟಿಲ್ಲ. ನೆಲ ಹದ ಮಾಡಿ ಬರುತ್ತೇನೆ ಎಂದು ಜಂಬದಿಂದ ಹೊರಟವನು ನಾನು.

"ಹುಡುಗ ಎಲ್ಲಿ ಗಂಟ ಬಿದ್ನೋ?" ಎಂದಳು ದೊಡ್ಡವ್ವ.

"ಆಟದಾಗ, ದೊಡ್ಡವ್ವಾ."

"ಯಾ ಆಟ? ಖೋಖೋನೋ, ಕಬಡ್ಡಿನೋ?"

"ದೇವ್ರ ಆಟ."

ದೊಡ್ಡವ್ವ ಕನ್ನಡಕ ಏರಿಸಿಕೊಂಡಳು. ಅಲ್ಲಿಗೆ ನಾನು ಬಾಯಿ ಮುಚ್ಚಿಕೊಂಡು ಚಹಾ ಕುಡಿದು ಎದ್ದಿದ್ದರೆ ಈ ಪ್ರಬಂಧವೇ ಇರುತ್ತಿರಲಿಲ್ಲ. ಆದರೆ ಮಾಸ್ತರಿಕೆ ಎನ್ನುವುದು ಕಜ್ಜಿ ಇದ್ದ ಹಾಗೆ, ಒಬ್ಬರು ಕೇಳುವವರು ಸಿಕ್ಕರೆ ಸಾಕು, ಕೆರೆತ ಶುರುವಾಗುತ್ತದೆ. ಪಲ್ಲವಿಯ ಸಿದ್ಧಾಂತವನ್ನು ಇಡಿಯಾಗಿ ಒಪ್ಪಿಸಿದೆ. ಕಳೆದ ತಿಂಗಳ ಕ್ಯಾಲೆಂಡರಿನ ಹಾಳೆ ಹರಿದು, ಅದರ ಬೆನ್ನಿಗೆ ದಪ್ಪಕ್ಷರದಲ್ಲಿ, ಏನು ಉಡುತ್ತಾಳೆ, ಯಾವ ಕಡೆ ನೋಡುತ್ತಾಳೆ, ಏನು ಒಲ್ಲೆ ಅನ್ನುತ್ತಾಳೆ ಎಂದು ಬರೆದು, ಕೆಳಗೆ ಒಂದು ಸಮ ಚಿಹ್ನೆ ಎಳೆದು, "ಮೂರೂ ಕೂಡಿದ್ರ ದೇವ್ರು ಬರೋಬ್ಬರಿ ಒಂದ" ಎಂದೆ. ದೊಡ್ಡವ್ವ ಆ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಎಲೆಅಡಿಕೆಯ ಚೀಲದೊಳಗೆ ಇಟ್ಟುಕೊಂಡಳು. "ಶ್ಯಾಣ್ಯಾಕಿ ಅದಾಳ ನಮ್ಮ ಹುಡುಗಿ" ಎಂದಳು. ನಾನು ಎದೆಯುಬ್ಬಿಸಿಕೊಂಡು ಸಿಂದಗಿಯ ಬಸ್ಸು ಹತ್ತಿದೆ.

ಮುಂದಿನ ವಾರ ಇಂಡಿಯಲ್ಲಿ ಅಣ್ಣನ ಮನೆಗೆ ಹುಡುಗನ ಕಡೆಯವರು ಬಂದರು. ಸಂಗಮೇಶ, ಅವನ ಅಪ್ಪ ಅವ್ವ, ಅವನ ಆಯಿ, ಅಂದರೆ ಅಜ್ಜಿ, ನೀಲವ್ವ. ಸುಸಲಾ ಆಯಿತು, ಮಿರ್ಚಿ ಭಜಿ ಆಯಿತು. ಎರಡು ವರ್ಷ ಪುಟಗಟ್ಟಲೆ ಬೈದಾಡಿದ ಹುಡುಗ ಹುಡುಗಿ ಎದುರೆದುರು ಕೂತು, ಒಬ್ಬರ ಮುಖ ಒಬ್ಬರು ನೋಡಲಾರದೆ ಇಬ್ಬರೂ ನನ್ನ ಮುಖ ನೋಡುತ್ತಿದ್ದರು. ಮುದುಕಿಯರಿಬ್ಬರೂ ಒಂದೇ ಜಮಖಾನೆಯ ಮೇಲೆ ಕೂತಿದ್ದರು. ದೊಡ್ಡವ್ವ ಮಾತಿಗೆ ಮಾತು ಎಂಬಂತೆ ಕೇಳಿದಳು:

"ನಿಮ್ಮ ಮನಿದೇವ್ರು ಯಾರ್ರಿ?"

"ಕಟ್ಟೆವ್ವರಿ. ನಮ್ಮ ಮೂಲ ಹಳೇ ಕೊಲ್ಹಾರ. ಊರಿಗೆ ಡ್ಯಾಮಿನ ನೀರ ಬರೂ ಮುಂದ ಅಕಿನ್ನ ಎತ್ತಿ ತಂದು ಹೊಸಾ ಊರಾಗ ಕುಂದರಿಸ್ಯಾರರಿ. ನಾವು ಮುದ್ದೇಬಿಹಾಳಕ್ಕ ಬಂದ್ರೂ ವರ್ಷಕ್ಕೊಮ್ಮೆ ಹೋಗ್ತೇವ್ರಿ."

"ಯಾ ಬಣ್ಣದ ಕುಪ್ಪಸದ ಖಣಾ ಏರಸ್ತೀರಿ?"

"ಹಸರರಿ. ಕೆಂಪು ನಡಿಯಂಗಿಲ್ಲ ಅಕಿಗಿ."

"ಅಯ್ಯ ಶಿವನ! ನಮ್ಮ ಅಗರಖೇಡದ ಹೊಳೆವ್ವಗೂ ಹಸರ ನೋಡ್ರಿ! ಮುಖಾ ಯಾ ಕಡಿಗೈತಿ?"

"ಹೊಳಿಗೆರಿ. ಹೊಸಾ ಊರಾಗ ಮಂದಿ ಓಣಿ ಕಡೆ ಮಾಡೂಣು ಅಂದ್ರು. ಅಕಿ ಒಲ್ಲೆ ಅಂದಳಂತ, ಕಡೀಕ ನೀರಿನ ಕಡೆನ ಮಾಡಿದ್ರು."

"ಹೊಳೆವ್ವನೂ ಭೀಮಾ ಹೊಳಿ ನೋಡಕೋತನ ಕುಂತಾಳರಿ!" ದೊಡ್ಡವ್ವ ನೀಲವ್ವನ ಮೊಣಕಾಲು ಹಿಡಿದುಕೊಂಡಳು. "ಇನ್ನೊಂದ ಹೇಳ್ರಿ. ನಿಂಬಿಹಣ್ಣು?"

"ಅಯ್ಯ ಯವ್ವಾ! ನಿಂಬಿಹಣ್ಣು ಅಕಿ ಹೊಚ್ಚಲಾ ದಾಟಂಗಿಲ್ಲರಿ!"

ಇದು ಸಣ್ಣ ಮಾತಲ್ಲ. ಇಂಡಿ ಎಂದರೆ ನಿಂಬೆಯ ಸೀಮೆ. ಇಲ್ಲಿ ಲಾರಿಯ ಗಾಲಿಗೂ ನಿಂಬೆಹಣ್ಣು ಬೇಕು, ಮದುಮಗನ ಕೈಗೂ ನಿಂಬೆಹಣ್ಣು ಬೇಕು. ನಿಂಬೆಯ ಮಾಲೆ ಒಲ್ಲದ ಅವ್ವ ಈ ಸೀಮೆಯಲ್ಲಿ ನಮ್ಮ ಮನೆದೇವರಾದ ಹೊಳೆವ್ವ ಒಬ್ಬಳೇ ಎಂದು ನಾವು ತಿಳಿದಿದ್ದೆವು. ಇನ್ನೊಬ್ಬಳು ಕೃಷ್ಣೆಯ ದಂಡೆಯಲ್ಲಿದ್ದಾಳೆ ಎಂದು ಗೊತ್ತಾದೊಡನೆ ಮುದುಕಿಯರಿಬ್ಬರೂ ತೆಕ್ಕೆಬಿದ್ದರು. "ಒಬ್ಬಾಕಿನ! ಅಕಿನ ಇಕಿ!" ಎಂದು ಒಬ್ಬರ ಕಣ್ಣು ಒಬ್ಬರು ಒರೆಸಿದರು. ದೊಡ್ಡವ್ವ "ತಂಗೀ" ಎಂದಳು, ನೀಲವ್ವ "ಅಕ್ಕಾ" ಎಂದಳು. ಅಷ್ಟು ಸಂತೋಷ ನಾನು ಲಗ್ನದ ಮನೆಗಳಲ್ಲೂ ಕಂಡಿಲ್ಲ. ಪಲ್ಲವಿಯ ಕಡೆ ನೋಡಿದೆ. ಒಂದೊಂದು ಸಾಕ್ಷಿ ಕೂಡಿದ ಹಾಗೂ ಅವಳ ಮುಖದ ಬಣ್ಣ ಇಳಿಯುತ್ತ ಬಂದಿತ್ತು. ಅವಳಿಗೆ ನಮಗಿಂತ ಮೊದಲೇ ತಿಳಿದುಹೋಗಿತ್ತು.

ನಮ್ಮಲ್ಲಿ ಒಂದು ಕಟ್ಟಳೆ ಇದೆ. ಒಂದೇ ಮನೆದೇವರ ಒಕ್ಕಲಿನವರು ಒಬ್ಬ ತಾಯಿಯ ಮಕ್ಕಳಿದ್ದ ಹಾಗೆ. ಅವರಲ್ಲಿ ಹೆಣ್ಣು ಕೊಡುವುದಿಲ್ಲ, ತರುವುದಿಲ್ಲ. ಕಣ್ಣೊರೆಸಿಕೊಂಡು ಮುಗಿದ ಮೇಲೆ ದೊಡ್ಡವ್ವನೇ ಅದನ್ನು ಹೇಳಿದಳು. "ಹಂಗಾದ್ರ ಈ ಹುಡುಗ ಹುಡುಗಿ ಅಣ್ಣ ತಂಗಿ ಆದರಲ್ಲವಾ." ಸಂಗಮೇಶನ ಅಪ್ಪ, "ಹೆಸರ ಬ್ಯಾರೆ ಅದಾವಲ್ರಿ" ಎಂದ ಮೆಲ್ಲಗೆ. ದೊಡ್ಡವ್ವ ಎಲೆಅಡಿಕೆ ಚೀಲದಿಂದ ಕ್ಯಾಲೆಂಡರಿನ ಹಾಳೆ ತೆಗೆದು ಬಿಡಿಸಿ ಜಮಖಾನೆಯ ಮೇಲೆ ಹಾಸಿದಳು. "ಹೆಸರ ಬ್ಯಾರೆ ಇದ್ರೂ ದೇವ್ರು ಒಂದ ಇರತೈತಂತ. ಇಂವನ ಬರದುಕೊಟ್ಟಾನ ನೋಡ್ರಿ, ಗಣಿತದ ಮಾಸ್ತರ." ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಮಿರ್ಚಿ ಭಜಿಯ ತೊಟ್ಟನ್ನು ಬಹಳ ಹೊತ್ತು ಪರೀಕ್ಷಿಸಿದೆ.

ಧೈರ್ಯ ಮಾಡಿ ಪೇರಲದ ಕಾಲದ ಮಾತು ತೆಗೆದೆ. "ದೊಡ್ಡವ್ವಾ, ಹೊರ್ತಿ ಹಣಮಪ್ಪ ಬ್ಯಾರೆ, ಅಗರಖೇಡದ ಹಣಮಪ್ಪ ಬ್ಯಾರೆ ಅಂತ ಅವತ್ತ ನೀನ ಅಂದಿದ್ದಿ."

"ಅದು ಗಂಡದೇವ್ರ ಮಾತು. ಅವರ ಹದ್ದು ಅವರಿಗೆ. ಹೆಣ್ಣದೇವ್ರ ಲೆಕ್ಕ ಬ್ಯಾರೆ" ಎಂದು ಒಂದೇ ಏಟಿಗೆ ನನ್ನನ್ನು ಕೂರಿಸಿದಳು.

ಅವರು ಹೋದ ಮೇಲೆ ಪಲ್ಲವಿ ಹಿತ್ತಲ ಕಟ್ಟೆಯ ಮೇಲೆ ಕೂತಿದ್ದಳು. ಅಳುತ್ತಿರಲಿಲ್ಲ. ಅತ್ತಿದ್ದರೆ ನನಗೆ ಸುಲಭವಿತ್ತು.

"ಎರಡ ವರ್ಷ ಇಬ್ಬರೂ ಒಬ್ಬಾಕಿನ ಅಂತ ಬಡದಾಡಿ ಬರದೇನಿ ಕಾಕಾ. ಇಡೀ ಜಗತ್ತ ನನ್ನ ಕಡೆ ಆಗಿತ್ತು. ಈಗ ನನ್ನ ಮಾತ ನನಗ ಅಡ್ಡ ಬಂತು. ಅಂವನ್ನ ಬಿಟ್ಟು ನಾ ಇನ್ನೊಬ್ಬರ ಕೂಡ ಹ್ಯಾಂಗ ಇರಲಿ? ಜಗಳಾ ಆಡಾಕ ಯಾರದಾರ ನನಗ?"

ನನಗೆ ನೆಲ ಬಿರಿದು ನುಂಗಬಾರದೇ ಅನ್ನಿಸಿತು. "ಅಂವ ಅಕ್ಕತಂಗೇರು ಅಂತಾನಲ್ಲ, ಅದನ್ನ ಹಿಡಿಯೂಣಲ್ಲ" ಎಂದೆ. ಪಲ್ಲವಿ ನನ್ನನ್ನು ದಡ್ಡ ವಿದ್ಯಾರ್ಥಿಯನ್ನು ನೋಡುವಂತೆ ನೋಡಿದಳು. "ಅಕ್ಕ ತಂಗಿ ಮಕ್ಕಳು ಏನಾಗ್ತಾರ ಕಾಕಾ?" ಹೌದಲ್ಲ! ಅಕ್ಕತಂಗಿಯರ ಮಕ್ಕಳೂ ಅಣ್ಣತಂಗಿಯರೇ. ಹಾಗಾದರೆ ನೆಗೆಣ್ಣಿಯರೆಂದರೆ? ಒಂದೇ ಮನೆಯ ಅಣ್ಣತಮ್ಮಂದಿರ ಹೆಂಡಿರು. ಅವರ ಮಕ್ಕಳೂ ಅಣ್ಣತಂಗಿಯರೇ. ಸವತಿಯರೆಂದರೆ? ಅಯ್ಯೋ, ಇನ್ನೂ ಹತ್ತಿರ. ಆ ವಾರವಿಡೀ ನಾನು ಶಾಲೆಯ ರಫ್ ವಹಿಯಲ್ಲಿ ದೇವಿಯರನ್ನು ನನಗೆ ತೋಚಿದ ಒಂದೊಂದು ಸಂಬಂಧದಲ್ಲಿ ಹಾಕಿ ನೋಡಿದೆ. ಎಲ್ಲಿ ಹಾಕಿದರೂ ನಮ್ಮ ಹುಡುಗಿಗೆ ಆ ಹುಡುಗ ಅಣ್ಣನೇ ಆಗಿ ಕೂರುತ್ತಿದ್ದ. ಗಣಿತದಲ್ಲಿ ಇಷ್ಟು ಹಟಮಾರಿ ಉತ್ತರ ನಾನು ಕಂಡಿರಲಿಲ್ಲ. ಸಂಗಮೇಶ ಫೋನಿನಲ್ಲಿ, "ಸರ್, ಎಮ್ಮಿಗೋಳ ವಂಶಾವಳಿ ಇದಕ್ಕಿಂತ ಹಗೂರ ಐತ್ರಿ" ಎಂದು ಹೇಳಿ ಫೋನು ಇಟ್ಟ. ಅತ್ತ ಮುದುಕಿಯರು ಮಾತ್ರ ದಿನಾ ಎರಡು ಹೊತ್ತು ಫೋನು ಹಚ್ಚಿ, ಅಕ್ಕಾ ತಂಗೀ ಎಂದು ಮೊಣಕಾಲು ಬೇನೆ, ಸೊಸೆಯರ ಕಾಟ ಹಂಚಿಕೊಳ್ಳುತ್ತಿದ್ದರು.

ಎರಡನೆಯ ಆದಿತ್ಯವಾರ ಪಲ್ಲವಿ, "ನಡಿ ಕಾಕಾ, ಬಾಗೇವಾಡಿಗೆ ಹೋಗೂಣು. ನೀ ಮಾತ್ರ ಬಾಯಿ ತಗೀಬ್ಯಾಡ" ಎಂದಳು. ಹೋದೆವು. ದೊಡ್ಡವ್ವ ಒಲೆಯ ಮುಂದೆ ಸಜ್ಜೆ ರೊಟ್ಟಿ ಬಡಿಯುತ್ತಿದ್ದಳು. ಸೊಸೆ ಬಡಿದ ರೊಟ್ಟಿ ಅವಳಿಗೆ ಇಂದಿಗೂ ಸೇರುವುದಿಲ್ಲ. ನಮ್ಮ ಮನೆತನದಲ್ಲಿ ರೊಟ್ಟಿಗೆ ಎಳ್ಳು ಒಂದು ಮೈಗೆ ಹಚ್ಚುವುದು ರೂಢಿ, ದೊಡ್ಡವ್ವ ಎರಡೂ ಮೈಗೆ ಹಚ್ಚುತ್ತಾಳೆ. ಪಲ್ಲವಿ ಅವಳ ಪಕ್ಕ ಕುಕ್ಕರಗಾಲಲ್ಲಿ ಕೂತು ನೋಡುತ್ತಿದ್ದಳು.

"ಆಯಿ, ಎರಡೂ ಕಡಿ ಯಾಕ ಹಚ್ಚತಿ?"

"ನಮ್ಮ ಹೊರ್ತ್ಯಾಗ ಹಂಗವಾ. ನಮ್ಮವ್ವ ಹಂಗ ಹಚ್ಚತಿದ್ದಳು."

"ಇಲ್ಲಿ ಯಾರೂ ಬ್ಯಾಡ ಅನಲಿಲ್ಲೇನು?"

"ಅನಲಾರದ ಬಿಡ್ತಾರೇನು? ನಮ್ಮತ್ತಿ ಅಂದಳು, ನನ್ನ ಗಂಡ, ನಿಮ್ಮ ಮುತ್ಯಾನೂ ಅಂದ. ನಾ ಬಿಡಲಿಲ್ಲ. ಸಣ್ಣ ಹುಡುಗಿದ್ದೆ ಲಗ್ನ ಆದಾಗ. ತವರಮನಿದು ಅಂತ ನನ್ನ ಕೈಯಾಗ ಉಳದದ್ದು ಇದೊಂದ."

"ಹಂಗಾದ್ರ ನೀನೂ ನಿಮ್ಮವ್ವನೂ ಒಬ್ಬಾಕಿನ?"

ರೊಟ್ಟಿ ಬಡಿಯುವ ಸಪ್ಪಳ ನಿಂತಿತು. "ಏನಂದಿ?"

"ಕಾಕಾನ ಹಾಳಿ ಪ್ರಕಾರ ಒಬ್ಬಾಕಿನ ಆಗಬೇಕಲ್ಲ. ರೊಟ್ಟಿ ಒಂದ, ಎಳ್ಳು ಒಂದ, ಹಟಾನೂ ಒಂದ."

"ಹುಚ್ಚಿ ಅದಿ ಏನು? ನಾ ಅಕಿ ಮಗಳು. ಕೊಟ್ಟ ಹೆಣ್ಣು."

"ಕಟ್ಟೆವ್ವನೂ ಕೊಟ್ಟ ಹೆಣ್ಣ ಇರಬೇಕು ಆಯಿ" ಎಂದಳು ಪಲ್ಲವಿ. ಅವಳ ದನಿಯಲ್ಲಿ ಈಗ ವಾದ ಇರಲಿಲ್ಲ. "ಹೊಳಿ ದಂಡ್ಯಾಗ ಬೆಳದ ಹುಡುಗಿ, ಕೊಟ್ಟ ಊರಾಗೂ ಹೊಳಿ ಕಡೆನ ಮುಖಾ ಮಾಡಿ ಕುಂತಾಳ. ತವರಾಗ ಹಸರ ಖಣ ಉಡಿಸಿ ಕಳಿಸಿದ್ರು, ಅದನ್ನ ಬಿಡವಲ್ಲಳು. ಅವ್ವ ಒಲ್ಲಾರದ್ದು ತಾನೂ ಒಲ್ಲಳು. ಮಗಳ ಅನ್ನೂದಕ್ಕ ಇನ್ನೇನ ಗುರ್ತ ಬೇಕು? ನಾನೂ ಎರಡ ವರ್ಷ ತಪ್ಪ ಬರದೇನಿ. ಒಂದ ಥರಾ ಕಂಡ್ರ ಒಬ್ಬಾಕಿನ ಅಂತ ತಿಳಕೊಂಡಿದ್ದೆ."

ನನಗೆ ಬಾಯಿ ತೆಗೆಯಬಾರದೆಂದು ಕರಾರಿತ್ತು. ಬೆರಳ ಮೇಲೆ ಎಣಿಸಿದೆ. ಹೊಳೆವ್ವ ನಮ್ಮ ತಾಯಿ. ಕಟ್ಟೆವ್ವ ಅವಳ ಮಗಳಾದರೆ ನನಗೂ ಅಣ್ಣನಿಗೂ ಅಕ್ಕ. ಅಕ್ಕನ ಮಕ್ಕಳು ಕೊಲ್ಹಾರದವರು. ಅಂದರೆ ಆ ಹುಡುಗನಿಗೆ ನಮ್ಮ ಪಲ್ಲವಿ ಸೋದರಮಾವನ ಮಗಳು! ನಮ್ಮ ಸೀಮೆಯಲ್ಲಿ ಅದಕ್ಕಿಂತ ಹಕ್ಕಿನ ಸಂಬಂಧ ಇನ್ನೊಂದಿಲ್ಲ. ವಾರವಿಡೀ ರಫ್ ವಹಿ ಹಾಳುಮಾಡಿದ ನನಗೆ ಹೊಳೆಯದ ಉತ್ತರ ಒಲೆಯ ಮುಂದೆ ಒಂದೇ ಗಳಿಗೆಯಲ್ಲಿ ಬಂದಿತ್ತು. ಕುಣಿಯಬೇಕೆನ್ನಿಸಿತು. ಆದರೆ ದೊಡ್ಡವ್ವನ ಮುಖ ನೋಡಿ ಸುಮ್ಮನೆ ಕೂತೆ.

ಹಂಚಿನ ಮೇಲಿನ ರೊಟ್ಟಿ ಸೀಯುತ್ತಿತ್ತು. ಅವಳು ಅದನ್ನು ತೆಗೆಯಲಿಲ್ಲ.

"ಕೊಟ್ಟ ಹೆಣ್ಣು ಅಂತಿ. ಹಂಗಿದ್ರ ನಮ್ಮವರು ಯಾರರೆ ಅಕಿಗಿ ತವರಿನ ಉಡಿ ತಗೊಂಡು ಹೋಗ್ಯಾರೇನು? ಊರಿಗೆ ನೀರ ಬಂತು. ಗುಡಿ ಬಿಟ್ಟು ಎಬ್ಬಿಸಿಕೊಂಡು ಒಯ್ದರು. ಅವತ್ತರೆ ತವರಮನ್ಯಾವರು ಅಂತ ಒಬ್ಬರು ಹೋಗಿ 'ಹ್ಯಾಂಗದೀಯವಾ' ಅಂದಾರೇನು?" ದೊಡ್ಡವ್ವ ಹಿಟ್ಟಿನ ಕೈಯಲ್ಲೇ ಕಣ್ಣೊರೆಸಿಕೊಂಡಳು. "ನಮ್ಮಣ್ಣ ತೀರಿಕೊಂಡ ಮ್ಯಾಲೆ ಹೊರ್ತಿಯಿಂದ ನನಗೂ ಯಾರೂ ಬಂದಿಲ್ಲ. ಹದಿನೇಳ ವರ್ಷ ಆತು. ಗೊತ್ತೈತಿ ನನಗ ಅದು ಹ್ಯಾಂಗಿರತೈತಿ ಅಂತ."

ಅರವತ್ತು ವರ್ಷದಿಂದ ನಮ್ಮನ್ನೆಲ್ಲ ಗದರಿಸಿ ಆಳಿದ ಹೆಂಗಸು ಹೀಗೆ ಯಾರ ದಾರಿಯನ್ನೋ ಕಾಯುತ್ತಿದ್ದಾಳೆಂದು ನಮ್ಮ ಮನೆಯ ಒಬ್ಬರಿಗೂ ಹೊಳೆದಿರಲಿಲ್ಲ. ನನಗೆ ಬಹಳ ನಾಚಿಕೆಯಾಯಿತು. ಪಲ್ಲವಿ ಸೀದ ರೊಟ್ಟಿ ತೆಗೆದು ಪಕ್ಕಕ್ಕಿಟ್ಟಳು.

"ಲಗ್ನದ ಮಾತ ಆಮ್ಯಾಲೆ" ಎಂದಳು ದೊಡ್ಡವ್ವ ಕೊನೆಗೆ. "ಮದಲ ಅಕಿ ಉಡಿ ತುಂಬಿ ಬರೂಣು."

ಮುಂದಿನ ಶುಕ್ರವಾರ ಎರಡೂ ಮನೆಯವರು ಕೊಲ್ಹಾರದಲ್ಲಿ ಸೇರಿದೆವು. ದಾರಿಯುದ್ದಕ್ಕೂ ನಾನು ದೊಡ್ಡವ್ವನ ಬಾಯಿಂದ ಹೂಂ ಹೊರಡಿಸಲು ನೋಡಿದೆ, ಅವಳು ಕಿಟಕಿಯ ಹೊರಗೆ ನೋಡುತ್ತ ಕೂತಳು. ಇಳಿದೊಡನೆ ನೀಲವ್ವನನ್ನು "ತಂಗೀ" ಎಂದೇ ಕರೆದಳು. ಆ ಒಂದು ಮಾತಿಗೆ ಪಲ್ಲವಿ ನನ್ನ ಮೊಣಕೈ ಹಿಡಿದುಕೊಂಡಳು. ತಂಗಿ ಎಂದರೆ ಇನ್ನೂ ಹಳೆಯ ಲೆಕ್ಕದಲ್ಲೇ ಇದ್ದಾಳೆ, ನಮ್ಮ ಉತ್ತರ ಇನ್ನೂ ಪಾಸಾಗಿಲ್ಲ ಎಂದು ಇಬ್ಬರಿಗೂ ತಿಳಿಯಿತು. ಸಂಗಮೇಶ ದೂರದಲ್ಲಿ ಚಪ್ಪಲಿಗಳನ್ನು ಜೋಡಿಸಿಡುತ್ತ ನಿಂತಿದ್ದ. ಮೂರು ಸಲ ಜೋಡಿಸಿದ.

ಕಟ್ಟೆವ್ವ ಸಣ್ಣ ಮೂರ್ತಿ. ಎದುರಿಗೆ ಕಣ್ಣು ಮುಟ್ಟುವತನಕ ಹಿನ್ನೀರು, ಅದರ ಕೆಳಗೆಲ್ಲೋ ಅವಳ ಹಳೆಯ ಊರು. ದೊಡ್ಡವ್ವ ಹಸಿರು ಖಣ ಏರಿಸಿದಳು. ಜೋಳ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಕೊಂಬು ಒಂದೊಂದೇ ಮಡಿಲಿಗಿಟ್ಟು ಉಡಿ ತುಂಬಿದಳು. ಆಮೇಲೆ ಮೂರ್ತಿಯ ಗದ್ದ ಮುಟ್ಟಿ, ಮನೆಗೆ ಬಂದ ಮಗಳ ಕೂಡ ಮಾತಾಡಿದ ಹಾಗೆ, "ತಡಾ ಆತವಾ, ಸಿಟ್ಟ ಮಾಡಕೋಬ್ಯಾಡ. ಯಾರೂ ನಮಗ ಹೇಳಿರಲಿಲ್ಲ" ಎಂದಳು. ನೀಲವ್ವ ಬಿಕ್ಕಿದಳು. ನಾನು ಗಣಿತದ ಮಾಸ್ತರ, ದೇವರಿದ್ದಾನೋ ಇಲ್ಲವೋ ಎಂದು ಹರೆಯದಲ್ಲಿ ಭಾಷಣ ಮಾಡಿದವನು, ಕಂಬದ ಕಡೆ ತಿರುಗಿ ಮೂಗು ಒರೆಸಿಕೊಂಡೆ.

ಊಟ ಅಲ್ಲಿಯೇ ನೀಲವ್ವನ ತಂಗಿಯ ಮನೆಯಲ್ಲಿ. ಹೋಳಿಗೆ, ತುಪ್ಪ, ಕಟ್ಟಿನ ಸಾರು. ಎಲ್ಲರೂ ಸಾಲಾಗಿ ಕೂತೆವು. ಸಂಗಮೇಶ ಸಾರಿನ ಸೌಟು ಹಿಡಿದು ಬಡಿಸುತ್ತಿದ್ದ. ಲಗ್ನದ ಮಾತು ಯಾರೂ ಎತ್ತಲಿಲ್ಲ. ಎತ್ತಲು ಯಾರಿಗೂ ಧೈರ್ಯವಿರಲಿಲ್ಲ. ಪಲ್ಲವಿ ಹೋಳಿಗೆಯನ್ನು ಮುರಿದು ಮುರಿದು ಪುಡಿ ಮಾಡುತ್ತಿದ್ದಳು, ಒಂದು ಚೂರೂ ಬಾಯಿಗೆ ಹೋಗುತ್ತಿರಲಿಲ್ಲ. ದೊಡ್ಡವ್ವ ಸಾರನ್ನು ಸುರ್ರೆಂದು ಹೀರಿದಳು. ಬಟ್ಟಲು ಕೆಳಗಿಟ್ಟಳು. ಮುಖ ಸಿಂಡರಿಸಿ, ಇಡೀ ಪಡಸಾಲೆಗೆ ಕೇಳುವ ಹಾಗೆ ಹೇಳಿದಳು:

"ಸಾರಿಗೆ ಉಪ್ಪ ಹಾಕೂ ಪದ್ಧತಿ ಇಲ್ಲೇನ್ರಿ ನಿಮ್ಮ ಮನ್ಯಾಗ, ಬೀಗತಿ?"

ಸಂಗಮೇಶನ ಸೌಟು ನಿಂತಿತು. ನೀಲವ್ವನ ಬಾಯಿ ತೆರೆದದ್ದು ತೆರೆದೇ ಇತ್ತು. ಆಮೇಲೆ ಅವಳು ಸೊಂಟದ ಮೇಲೆ ಕೈಯಿಟ್ಟುಕೊಂಡು ಎದ್ದು ನಿಂತಳು. ಕಣ್ಣಿನಿಂದ ದಳದಳ ನೀರು ಇಳಿಯುತ್ತಿತ್ತು, ಬಾಯಿ ಮಾತ್ರ ಗಟ್ಟಿಯಾಗಿತ್ತು. "ಉಪ್ಪ ಚಲೋ ಐತ್ರಿ ಬೀಗತಿ, ನಿಮ್ಮ ನಾಲಗಿ ಸಪ್ಪಗಿರಬೇಕು!"

ಪಲ್ಲವಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಅಷ್ಟು ದಿನ ತಡೆದದ್ದೆಲ್ಲ ಒಮ್ಮೆಗೇ ಬಂತು. ಅಣ್ಣ ಅವಳ ಬೆನ್ನು ಸವರುತ್ತ ತಾನೂ ಅಳುತ್ತಿದ್ದ. ಮುದುಕಿಯರು ಆಗಲೇ ಉಪ್ಪಿನಿಂದ ತುಪ್ಪಕ್ಕೆ, ತುಪ್ಪದಿಂದ ಹೋಳಿಗೆಯ ಹೂರಣಕ್ಕೆ ಜಗಳ ಬೆಳೆಸಿದ್ದರು. ಯಾರಿಗೂ ಕಾಣದ ಹಾಗೆ ನಾನು ನನ್ನ ಬಟ್ಟಲು ಎತ್ತಿ ಒಂದು ಗುಟುಕು ಕುಡಿದು ನೋಡಿದೆ. ಉಪ್ಪು ಸರಿಯಾಗಿಯೇ ಇತ್ತು.